ಮುರಿದ ಕೈ ಹಿಡಿದವರಿಗೆ

ನಮ್ಮ ಕಡೆ ಮನೆಯವರಿಗೆ, ಓಣಿಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಯಾರಾದರೂ ನಮಗಾಗಿ ಏನಾದರೂ ಮಾಡಿದರೆ "ಕುಂದರ್ರಿ, ಒಂದು ರೊಟ್ಟಿ ತಿಂದು ಹೋಗ್ರಿ" ಅನ್ನುತ್ತೇವೆ. ಎಲ್ಲ ಅದರಲ್ಲೇ ಬಂತು. ಆದರೆ ಹೋದ ಜುಲೈಯಿಂದ ಈ ಸಂಕ್ರಾಂತಿಯವರೆಗೆ ಒಂದು ರೊಟ್ಟಿ ಬಡಿದು ಹಾಕಲು ನನ್ನಿಂದ ಆಗಲಿಲ್ಲ. ಬಲಗೈಯ ಮಣಿಕಟ್ಟು ಮುರಿದಿತ್ತು. ಹಾಗಾಗಿ ಈ ಆರು ತಿಂಗಳ ಋಣವನ್ನು ಮಾತಿನಲ್ಲೇ ಹೇಳಬೇಕು. ಹೇಳಲು ಕೂತರೆ ಆರು ತಿಂಗಳಲ್ಲ, ಅರವತ್ತೆರಡು ವರ್ಷದ್ದೂ ನೆನಪಾಗುತ್ತಿದೆ. ನಾನು ಹೇಳುತ್ತಿದ್ದೇನೆ, ಕಿರಿಮಗಳು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ.

ಇನ್ನೊಂದು ಮಾತೂ ಇದೆ. ನಮ್ಮ ಹನ್ನೆರಡು ಜನ ಹೆಣ್ಣುಮಕ್ಕಳ ರೊಟ್ಟಿ ಗುಂಪಿಗೆ ಈ ಜನವರಿಗೆ 25 ವರ್ಷ ತುಂಬಿತು. ತೆಗೆದುಕೊಂಡ ಸಾಲದ ಕೊನೆಯ ಕಂತೂ ಮುಗಿಯಿತು. ಅದನ್ನು ಕಟ್ಟಿದ್ದು ನನ್ನ ಕೈ ಕೆಲಸಕ್ಕೆ ಬಾರದೆ ಇದ್ದ ತಿಂಗಳಲ್ಲಿ. ಯಾರು ಕಟ್ಟಿದರು ಅಂತ ಮುಂದೆ ಹೇಳುತ್ತೇನೆ.

ನಾನು ಹುಟ್ಟಿದ್ದು 1963ರಲ್ಲಿ, ಬಸವನ ಬಾಗೇವಾಡಿ ಕಡೆಯ ಒಂದು ಸಣ್ಣ ಊರಿನಲ್ಲಿ. ಡೋಣಿ ನದಿಯ ಸೀಮೆ. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಅನ್ನುವ ಮಾತು ನಮ್ಮ ಕಡೆಯವರಿಗೆಲ್ಲ ಗೊತ್ತು. ಕರಿ ಎರಿ ಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಸ್ತ, ಚಿತ್ತಿ ಮಳೆಗೆ ಹಿಂಗಾರಿ ಬಿತ್ತಿದರೆ, ಆಮೇಲೆ ಮಳೆ ಬರದಿದ್ದರೂ ಆ ಎರಿ ಹಿಡಿದಿಟ್ಟ ತೇವದಲ್ಲೇ ಬಿಳಿಜೋಳ ಬೆಳೆಯುತ್ತದೆ. ನಾವು ಬಿತ್ತುತ್ತಿದ್ದದ್ದು ಮಾಲದಂಡಿ ತಳಿ. ಹೊಲದ ಸುತ್ತ ಕುಸುಬಿ ಹಾಕುತ್ತಿದ್ದೆವು, ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ.

ಅಪ್ಪ ಕೂರಿಗೆ ಹೊಡೆಯುತ್ತಿದ್ದ. ಅವ್ವ ಹಿಂದೆ ನಡೆಯುತ್ತ, ಉಡಿಯಲ್ಲಿದ್ದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಕೂರಿಗೆಯ ಬಟ್ಟಲಿಗೆ ಬಿಡುತ್ತಿದ್ದಳು. ಹೆಬ್ಬೆರಳಿನ ಸಂದಿಯಿಂದ ಕಾಳು ಒಂದೊಂದಾಗಿ, ಸಮಸಮ ಇಳಿಯಬೇಕು. ಹತ್ತು ಹೆಜ್ಜೆ ನನಗೂ ಬಿಡಲು ಕೊಡುತ್ತಿದ್ದಳು. "ಮುಷ್ಟಿ ಬಿಗಿ ಮಾಡಬ್ಯಾಡ, ಸಡಲೂ ಬಿಡಬ್ಯಾಡ" ಅನ್ನುತ್ತಿದ್ದಳು. ನಾನು ಬಿಟ್ಟ ಸಾಲು ಎಲ್ಲಿ ಅಂತ ಹದಿನೈದು ದಿನದ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಒಂದು ಕಡೆ ಗುಂಪು ಗುಂಪು ಮೊಳಕೆ, ಒಂದು ಕಡೆ ಬರಿ ಮಣ್ಣು. ಅವ್ವ ಬೈಯುತ್ತಿರಲಿಲ್ಲ. ಮುಂದಿನ ವರ್ಷ ಇಪ್ಪತ್ತು ಹೆಜ್ಜೆ ಕೊಟ್ಟಳು. ಅವ್ವ, ನನ್ನ ಕೈಗೆ ಮೊದಲು ಹದ ಕಲಿಸಿದವಳು ನೀನು.

ಜೋಳ ಹಾಲು ತುಂಬಿದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವುದು ನನ್ನ ಕೆಲಸ. ಚಳಿಯಲ್ಲಿ ಕುಳ್ಳಿನ ಬೆಂಕಿ ಮಾಡಿ ಸೀತನಿ ಸುಡುವುದು, ಬಿಸಿ ತೆನೆಯನ್ನು ಕೈಯಲ್ಲೇ ತಿಕ್ಕಿ ಊದಿ ತಿನ್ನುವುದು. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು. ಕಣದಲ್ಲಿ ರಾಶಿ ಅಳೆಯುವಾಗ ಅಪ್ಪ ಮೊದಲನೆಯದಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ಇವತ್ತಿಗೂ ರೊಟ್ಟಿ ಎಣಿಸುವಾಗ ನನ್ನ ಬಾಯಿಗೆ ಮೊದಲು ಬರುವುದು ಲಾಭವೇ.

1972ರ ಬರದಲ್ಲಿ ಆ ಕಣ ಖಾಲಿ ಉಳಿಯಿತು. ನೆಲದೊಳಗಿನ ಹಗೇವಿನಲ್ಲಿ ಕೂಡಿಟ್ಟಿದ್ದ ಜೋಳ ಮುಗಿಯಿತು. ಅಪ್ಪ, ಅವ್ವ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುವ ಬರಗಾಲದ ಕೆಲಸಕ್ಕೆ ಹೋದರು. ನಾನು ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಜೊತೆ. ಆಗ ತಿನ್ನಲು ಸಿಕ್ಕಿದ್ದು ಹೊರಗಿನಿಂದ ತರಿಸಿದ ಕೆಂಪು ಜೋಳ. ಅದಕ್ಕೆ ಜಿಗಿ ಇರಲಿಲ್ಲ. ಅವ್ವ ಬಡಿಯುತ್ತಿದ್ದಂತೆ ರೊಟ್ಟಿ ಬಿರಿದು ಕೈಯಲ್ಲೇ ಮುರಿಯುತ್ತಿತ್ತು. ಆ ಚೂರುಗಳನ್ನೇ ಹಂಚಿನ ಮೇಲೆ ಜೋಡಿಸಿ ಬೇಯಿಸುತ್ತಿದ್ದಳು. ಸಾಲಿ ಅಲ್ಲಿಗೇ ನಿಂತಿತು, ನಾಲ್ಕನೆಯ ಇಯತ್ತೆಗೆ. ನಮ್ಮ ಸಾಲಿ ಕಲಿಸುವ ಅಕ್ಕೋರು ಮೂರು ಸಲ ಮನೆಗೆ ಬಂದು ಕೇಳಿದರು. ಮೂರನೆಯ ಸಲ ಅವ್ವನ ಕೈ ನೋಡಿ ಸುಮ್ಮನಾದರು, ಖಡಿ ಒಡೆದು ಆ ಕೈಯೆಲ್ಲ ಸೀಳಿತ್ತು. ಹೋಗುವಾಗ ತಮ್ಮದೇ ಅಂಕಲಿಪಿ ನನಗೆ ಕೊಟ್ಟು ಹೋದರು. ಓದು ಬರಹ ಮರೆಯದೆ ಉಳಿದದ್ದು ಆ ಪುಸ್ತಕದಿಂದ. ಅಕ್ಕೋರ, ನೀವು ಎಲ್ಲಿದ್ದೀರೋ ಗೊತ್ತಿಲ್ಲ. ಮುಂದೆ ಎಷ್ಟೋ ವರ್ಷ ಗುಂಪಿನ ಲೆಕ್ಕದ ಪುಸ್ತಕ ನಾನೇ ಬರೆದಿದ್ದೇನೆ.

1981ರಲ್ಲಿ ಮದುವೆಯಾಗಿ ತಾಳಿಕೋಟೆ ಹತ್ತಿರದ ಊರಿಗೆ ಬಂದೆ. ಅದೇ ಡೋಣಿ, ಆದರೆ ನೀರು ಉಪ್ಪು. ಬಾವಿಯ ನೀರೂ ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಮಾಡಿದರೆ ಹಾಲು ಒಡೆಯುತ್ತದೆ. ಸಿಹಿ ನೀರಿಗೆ ಎರಡು ಕೊಡ ಹೊತ್ತು ಬಹಳ ದೂರ ನಡೆಯಬೇಕಿತ್ತು.

ಅತ್ತೆ ಕಟ್ಟುನಿಟ್ಟಿನ ಹೆಂಗಸು. ನಾನು ಮಾಡಿದ ರೊಟ್ಟಿಯನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಅಂಚಿನ ಸುತ್ತ ಬೆರಳು ಓಡಿಸುತ್ತಿದ್ದರು. "ಇಲ್ಲಿ ದಪ್ಪ ಐತಿ" ಅಂದು ತಟ್ಟೆ ಈ ಕಡೆ ಸರಿಸುತ್ತಿದ್ದರು. "ನಡುವ ಎಷ್ಟು ತೆಳ್ಳಗ ಐತಿ, ಅಂಚೂ ಅಷ್ಟ ತೆಳ್ಳಗ ಇರಬೇಕು." ಎಷ್ಟೋ ರಾತ್ರಿ ಅತ್ತಿದ್ದೇನೆ. ಆದರೆ ಕಲಿಸುವಾಗ ಒಂದನ್ನೂ ಮುಚ್ಚಿಡಲಿಲ್ಲ. ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರನ್ನೇ ಹಾಕಬೇಕು, ಬೆಚ್ಚಗಿನ ನೀರು ನಡೆಯುವುದಿಲ್ಲ. ಜೋಳಕ್ಕೆ ಜಿಗಿ ಬರುವುದೇ ಆ ಕುದಿಯಿಂದ. ಗಿರಣಿಗೆ ಹಾಕಿಸಿದ ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ನಾದಬೇಕು. ಬಡಿಯುವಾಗ ಒಂದು ಕೈ ತಟ್ಟುತ್ತಿರಬೇಕು, ಇನ್ನೊಂದು ಕೈ ತಿರುಗಿಸುತ್ತಿರಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ತಿರುವಬೇಕು. ಒಂದು ಕ್ಷಣ ತಡವಾದರೆ ಉಬ್ಬುವುದಿಲ್ಲ. ಖಡಕ್ ಬೇಕಾದರೆ ಒಲೆಯ ಬದಿಗೆ ನಿಲ್ಲಿಸಿ, ತೊಗರಿ ಕಟ್ಟಿಗೆಯ ಕೆಂಡದ ಕಾವಿಗೆ ಒಣಗಿಸಬೇಕು. ನನ್ನ ಕುಟುಂಬ ಉಂಡದ್ದು, ಮಕ್ಕಳು ಓದಿದ್ದು, ಮನೆಗೆ ಹೊಸ ಗೋಡೆ ಎದ್ದದ್ದು, ಎಲ್ಲ ಅತ್ತೆ ಬೈದು ಕಲಿಸಿದ ಆ ಅಂಚಿನಿಂದ.

ನನ್ನ ಯಜಮಾನರು ಪ್ರತಿ ವರ್ಷ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುತ್ತಿದ್ದರು. 1999ರಲ್ಲಿ ಜ್ವರ ಹಿಡಿದು ವಾಪಸ್ ಬಂದರು, ಉಳಿಯಲಿಲ್ಲ. ಅದರ ಬಗ್ಗೆ ಜಾಸ್ತಿ ಹೇಳಲಾರೆ. ಒಳ್ಳೆ ಮನುಷ್ಯ. ಸಂತೆಯಿಂದ ನನಗೊಂದು ಇಳಕಲ್ ಸೀರೆ ತಂದು, ಯಾರಿಗೂ ಕಾಣದಂತೆ ಜೋಳದ ಚೀಲದ ಮೇಲೆ ಇಟ್ಟು ಹೋಗಿದ್ದರು. ಅದು ಈಗಲೂ ಇದೆ.

ಮೂರು ಮಕ್ಕಳು, ಕೈಸಾಲ, ಎರಡು ಎಕರೆ ಮಳೆಯ ಹೊಲ. ನೆಂಟರು ಬಂದು "ತವರಿಗೆ ಹೋಗು" ಅಂದರು. ಆಗ ಮಾವ ಹೊರಗಿನ ಕಟ್ಟೆಯಿಂದ ಎದ್ದು ಬಂದು ಹೇಳಿದ ಮಾತು ನೆನಪಿದೆ: "ಆಕಿ ಎಲ್ಲಿಗೂ ಹೋಗಂಗಿಲ್ಲ. ಆಕಿ ದುಡೀಲಿ, ಹುಡುಗರನ್ನ ನಾ ನೋಡ್ತೀನಿ." ಆಗಿನ ಕಾಲಕ್ಕೆ, ನಮ್ಮ ಊರಿಗೆ ಇದು ದೊಡ್ಡ ಮಾತು.

ಎರಡು ವರ್ಷ ಕೂಲಿ ಮಾಡಿದೆ. 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದವು. ನಮ್ಮ ಅಂಗನವಾಡಿ ಟೀಚರ್ ಮನೆಮನೆಗೆ ಬಂದು ಕರೆದರು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ನನ್ನ ಹತ್ತಿರ ಆ ಹತ್ತೂ ಇರುತ್ತಿರಲಿಲ್ಲ. ನಮ್ಮ ಗುಂಪಿನ ಹಿರಿಯಕ್ಕ ನನ್ನ ಪಾಲನ್ನೂ ತಾನೇ ಹಾಕಿ, ನಾನು ಕೊಟ್ಟೆ ಅಂತ ಬರೆಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಲೆಕ್ಕ ಕೂಡಿಸುವಾಗ ನನಗೆ ಗೊತ್ತಾಯಿತು. ಕೇಳಿದರೆ "ಹೋಗಲಿ ಬಿಡ" ಅಂದಳು.

ರೊಟ್ಟಿ ಮಾಡಿ ಮಾರೋಣ ಅನ್ನುವ ಮಾತು ಅಲ್ಲಿ ಹುಟ್ಟಿತು. ಮೊದಲು ಎಲ್ಲರೂ ನಕ್ಕರು. ಪ್ರತಿ ಮನೆಯಲ್ಲೂ ಬಡಿಯುವ ರೊಟ್ಟಿಯನ್ನು ದುಡ್ಡು ಕೊಟ್ಟು ಯಾರು ತಗೋತಾರೆ, ಅಲ್ವಾ? ಆದರೆ ವಿಜಯಪುರದಂಥ ಊರಿನಲ್ಲಿ ಖಾನಾವಳಿಗಳಿದ್ದವು, ಓದುವ ಹುಡುಗರ ರೂಮುಗಳಿದ್ದವು, ಕೈ ನೋಯುವ ವಯಸ್ಸಾದವರಿದ್ದರು. ಗಿರಣಿ ಚಾಚಾ ಮೊದಲ ಮೂರು ತಿಂಗಳು ಉದ್ರಿ ಬೀಸಿಕೊಟ್ಟರು. ರಂಜಾನ್ ಉಪವಾಸದಲ್ಲೂ ನಮ್ಮ ಚೀಲ ಬಂದರೆ ಮಶೀನು ನಿಲ್ಲಿಸುತ್ತಿರಲಿಲ್ಲ. ಒಂದು ಕಿಲೋ ಹಿಟ್ಟಿಗೆ ಹನ್ನೆರಡು ರೊಟ್ಟಿ. ಆಗ ಒಂದು ರೊಟ್ಟಿಗೆ ಒಂದು ರೂಪಾಯಿ. ನಸುಕಿನ ಮೂರಕ್ಕೆ ಎದ್ದು, ದಿನಕ್ಕೆ ಎಂಬತ್ತು ರೊಟ್ಟಿ ನನ್ನ ಪಾಲಿನದು.

ಮಾಡುವುದಕ್ಕಿಂತ ಕಳಿಸುವುದು ಕಷ್ಟವಿತ್ತು. ಮಾವನಿಗೆ ಆಗ ಎಪ್ಪತ್ತರ ಹತ್ತಿರ. ಬುಟ್ಟಿಗೆ ಬಿಳಿ ಧೋತರ ಕಟ್ಟಿ, ತಲೆಯ ಮೇಲೆ ಹೊತ್ತು, ಬೆಳಗಿನ ಕೆಂಪು ಬಸ್ಸಿಗೆ ದಾರಿಯ ಮೇಲೆ ನಿಲ್ಲುತ್ತಿದ್ದರು. ಆ ಬಸ್ಸಿನ ಕಂಡಕ್ಟರ್ ಅಣ್ಣನಿಗೆ ನಾನು ಕೈ ಮುಗಿಯಬೇಕು. ನಮ್ಮ ಭಾಗದಲ್ಲಿ ಊರು ಬಿಟ್ಟು ಓದುವ ಮಕ್ಕಳ ಬುತ್ತಿ ಬಸ್ಸಿನಲ್ಲೇ ಹೋಗುತ್ತದೆ. ಆ ಬುತ್ತಿಗಳ ಜೊತೆಗೆ ನಮ್ಮ ಬುಟ್ಟಿಯನ್ನೂ ಡ್ರೈವರ್ ಹಿಂದಿನ ಜಾಗದಲ್ಲಿ ಇಡಿಸುತ್ತಿದ್ದರು. ಯಾರಾದರೂ ಅದರ ಮೇಲೆ ಕಾಲಿಡಲು ಹೋದರೆ "ಅನ್ನ ಐತಿ ಅದರಾಗ" ಅಂತ ಗದರುತ್ತಿದ್ದರಂತೆ. ಮಾವ ಒಂದು ದಿನ ಬರಲು ತಡವಾದಾಗ ಬಸ್ಸು ನಿಲ್ಲಿಸಿ ಕಾದಿದ್ದರು. ಸಂಜೆ ಖಾಲಿ ಬುಟ್ಟಿ, ಅದರೊಳಗೆ ಚೀಟಿಯಲ್ಲಿ ಸುತ್ತಿದ ದುಡ್ಡು. ಅಷ್ಟು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆಗಲಿಲ್ಲ.

ನಷ್ಟವೂ ಆಯಿತು. ಒಬ್ಬ ದೊಡ್ಡ ಗಿರಾಕಿ ಮೂರು ತಿಂಗಳ ರೊಟ್ಟಿ ತಗೊಂಡು ದುಡ್ಡು ಕೊಡದೆ ಹೋದ. ಗುಂಪು ಒಡೆಯುವುದರಲ್ಲಿತ್ತು. ಆ ವರ್ಷ ಬ್ಯಾಂಕಿಗೆ ಬಂದಿದ್ದ ಹೊಸ ಮ್ಯಾನೇಜರ್ ಮೇಡಂ ನಮ್ಮ ಮನೆಗೇ ಬಂದು, ಒಲೆಯ ಮುಂದೆ ಕೂತು, ಲೆಕ್ಕದ ಪುಸ್ತಕ ಪೂರ್ತಿ ಓದಿದರು. ಆಮೇಲೆ ಸಾಲದ ಕಂತು ಹಗುರ ಮಾಡಿಕೊಟ್ಟರು.

ಈಗ ಹಿರಿಮಗಳಿಗೆ ಒಂದು ಮಾತು. ಇದನ್ನು ಹೇಳದೆ ಉಳಿದದ್ದು ಹೇಳಿ ಉಪಯೋಗವಿಲ್ಲ. ನಾವು ರೊಟ್ಟಿ ಕೆಲಸ ಶುರು ಮಾಡಿದಾಗ ಅವಳು ಹತ್ತನೆಯ ಇಯತ್ತೆ. 'ಅವಳು ಸಾಲಿ ಬಿಟ್ಟಳು' ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನಾನು ಬಿಡಿಸಿದೆ. ಬೆಳಗ್ಗೆ ನಾನು ಬಡಿದರೆ ಬೇಯಿಸಲು ಒಬ್ಬರು ಬೇಕಿತ್ತು. ನನಗೆ ಆದದ್ದನ್ನೇ ಅವಳಿಗೂ ಮಾಡಿದೆ. ಅವಳು ಒಂದು ದಿನವೂ ಎದುರು ಮಾತಾಡಲಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಒಂದು ಕೈಯಲ್ಲಿ ರೊಟ್ಟಿ ತಿರುವುತ್ತ, ಇನ್ನೊಂದು ಕೈಯಲ್ಲಿ ತಂಗಿಯ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಆ ತಂಗಿ ಮುಂದೆ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದಳು. 2003ರಲ್ಲಿ ಶುರುವಾದದ್ದು, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಕಿರಿಯವಳು ಈಗ ಟೀಚರ್. ಅವಳ ಮೊದಲ ಸಂಬಳದಲ್ಲಿ ನನಗೆ ಸೀರೆ ತಂದಳು, ಅಕ್ಕನಿಗೆ ಹತ್ತನೆಯ ಪರೀಕ್ಷೆಯ ಫೀ ಕಟ್ಟಿ ಬಂದಳು. ಹಿರಿಯವಳು ಎರಡು ಮಕ್ಕಳ ತಾಯಿಯಾಗಿ ಪರೀಕ್ಷೆ ಬರೆದು ಪಾಸಾದಳು. ಮಗಳೇ, ನಿನ್ನಿಂದ ನಾನು ತಗೊಂಡ ವರ್ಷಗಳನ್ನು ನಿನ್ನ ತಂಗಿ ಸ್ವಲ್ಪ ವಾಪಸ್ ಕೊಟ್ಟಳು. ನಾನು ಕೊಡಲಾಗಲಿಲ್ಲ. ನಿನ್ನ ಋಣ ನನ್ನ ಮೇಲೆ ಇದೆ. (ಇದನ್ನು ಬರೆಯುತ್ತ ಕಿರಿಯವಳು ಅಳುತ್ತಿದ್ದಾಳೆ. ಬರೆಯವ್ವಾ, ನಿಲ್ಲಿಸಬ್ಯಾಡ.)

ಮಗನ ಬಗ್ಗೆ ಇಷ್ಟು ಸಾಕು: ಅವನು ಊರಲ್ಲೇ ಇದ್ದಾನೆ, ಹೊಲ ಮಾಡುತ್ತಾನೆ, ಅವನ ಜೋಳವನ್ನೇ ನಾವು ಬೀಸುತ್ತೇವೆ.

2009ರ ಸೆಪ್ಟೆಂಬರ್ ಕೊನೆಗೆ ಬಂದ ಮಳೆಯನ್ನು ನಮ್ಮ ಭಾಗದವರು ಮರೆಯುವುದಿಲ್ಲ. ಡೋಣಿ ಉಕ್ಕಿ ಸೇತುವೆ ಮುಳುಗಿತು, ಬಸ್ಸು ನಿಂತವು. ನಮ್ಮ ಹಿಂದಿನ ಗೋಡೆ ಕುಸಿಯಿತು, ಹಗೇವಿಗೆ ನೀರು ಇಳಿದು ವರ್ಷದ ಜೋಳ ಕೊಳೆಯಿತು. ಹಗೇವಿನ ಬಾಯಿ ತೆಗೆದಾಗ ಬಂದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಮೂರನೆಯ ದಿನ ಗಿರಣಿ ಚಾಚಾ ಒಂದು ಚೀಲ ಜೋಳ ಅಂಗಳದಲ್ಲಿ ಇಳಿಸಿ, ಮಾತಾಡದೆ ಹೋದರು. ಅವರು ಈಗಿಲ್ಲ. ಅವರ ಮಗ ಗಿರಣಿ ನಡೆಸುತ್ತಾನೆ, ಅವನಿಗೆ ಈ ಮಾತು ತಲುಪಲಿ.

2020ರ ಲಾಕ್‌ಡೌನಿನಲ್ಲಿ ಖಾನಾವಳಿಗಳು ಮುಚ್ಚಿದವು. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಅದೇ ನಮ್ಮನ್ನು ಉಳಿಸಿತು. ದುಡಿಯಲು ಹೋಗಿ ನಡೆದು ವಾಪಸ್ ಬರುತ್ತಿದ್ದವರಿಗೂ ಕಟ್ಟಿ ಕೊಟ್ಟೆವು. 2023ನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿದ ಮೇಲೆ ಬೆಂಗಳೂರಿನಿಂದಲೂ ಫೋನ್ ಬರತೊಡಗಿತು. ನಮ್ಮ ಬಡವರ ರೊಟ್ಟಿಯನ್ನು ಈಗ ಸಕ್ಕರೆ ಕಾಯಿಲೆಯವರೂ ಹುಡುಕಿಕೊಂಡು ಬರುತ್ತಾರೆ. ಬರಲಿ, ಸಂತೋಷ.

ಜುಲೈನಲ್ಲಿ ಎರಿ ಕೆಸರಿನಲ್ಲಿ ಜಾರಿ ಬಿದ್ದೆ. ಕೈ ಊರಿ ಬಿದ್ದದ್ದು, 'ಕಟ್' ಅಂದದ್ದು ನನಗೇ ಕೇಳಿಸಿತು. ಮೊದಲು ಹೋದ ಕಡೆ ಹಾಕಿದ ಪಟ್ಟಿ ಸರಿಯಾಗಲಿಲ್ಲ, ಎಲುಬು ಸೊಟ್ಟ ಕೂಡಿತು. ವಿಜಯಪುರದಲ್ಲಿ ಮತ್ತೊಬ್ಬ ಡಾಕ್ಟರು ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. "ಇನ್ನು ರೊಟ್ಟಿ ಬಡಿಯೋದು ಬಿಡ್ರಿ ಅಮ್ಮಾ" ಅಂತ ಅವರು ಅನ್ನಲಿಲ್ಲ. "ಎಷ್ಟು ದಿನಕ್ಕೆ ಬಡೀಬೇಕು ಅಂತೀರಿ?" ಅಂದರು. ಅವರಿಗೆ ನಾನು ಎಷ್ಟು ಕೈ ಮುಗಿದರೂ ಕಡಿಮೆ. ವ್ಯಾಯಾಮ ಹೇಳಿಕೊಡುವ ಹುಡುಗಿ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ನನಗೆ ಅದು ಒಗ್ಗಲಿಲ್ಲ. ಸೊಸೆ ದಿನಾ ಬೆಳಗ್ಗೆ ನಾದಿದ ಹಿಟ್ಟಿನಲ್ಲಿ ಲಿಂಬೆಯಷ್ಟು ಮುದ್ದೆ ತೆಗೆದು ನನ್ನ ಅಂಗೈಯಲ್ಲಿ ಇಡುತ್ತಿದ್ದಳು. ಮೊದಲ ದಿನ ಬೆರಳಿನ ಗುರುತೂ ಮೂಡಲಿಲ್ಲ. ಹದಿನೈದು ದಿನಕ್ಕೆ ಮೂರು ಬೆರಳಿನ ಗುರುತು. ದೀಪಾವಳಿಗೆ ಐದೂ. ಸೊಸೆ ಆ ಮುದ್ದೆಗಳನ್ನು ಒಲೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದಳು. ನನಗೆ ತಲೆ ಬಾಚಿದವಳು, ಸೀರೆ ಉಡಿಸಿದವಳು, ಬೇಸರ ಮಾಡಿಕೊಳ್ಳದವಳು ಅವಳು.

ಗುಂಪಿನ ಹನ್ನೊಂದು ಜನ ನನ್ನ ಪಾಲಿನ ರೊಟ್ಟಿಯನ್ನು ಹಂಚಿಕೊಂಡರು. ದಿನಕ್ಕೆ ಒಬ್ಬೊಬ್ಬರು ಏಳೆಂಟು ಜಾಸ್ತಿ. ದುಡ್ಡನ್ನು ನನ್ನ ಹೆಸರಿಗೇ ಬರೆದರು. ಸಾಲದ ಕೊನೆಯ ಕಂತಿನಲ್ಲಿ ನನ್ನ ಪಾಲು ಹೋದದ್ದು ಆ ದುಡ್ಡಿನಿಂದ. ಲೆಕ್ಕದ ಪುಸ್ತಕ ಆ ಆರು ತಿಂಗಳು ಹಿರಿಯಕ್ಕನ ಮೊಮ್ಮಗಳು ಬರೆದಳು. ನಾನು ತೆಗೆದು ನೋಡಿದಾಗ ಪ್ರತಿ ದಿನದ ಸಾಲಿನಲ್ಲೂ ನನ್ನ ಹೆಸರಿನ ಮುಂದೆ ಎಂಬತ್ತು ಅಂತಿತ್ತು. ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

ಮಾವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅತ್ತೆ ಇದ್ದಾರೆ. ಎಂಬತ್ತಾರು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮಲ್ಲಿ ಅವತ್ತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಸೊಸೆ ಎಸರು ಹಾಕಿಕೊಟ್ಟಳು, ನಾನು ಕೂತೆ. ನೋವಿತ್ತು. ತಟ್ಟುವ ಕೈ ಮೊದಲಿನ ಹಾಗೆ ಓಡಲಿಲ್ಲ. ಒಂದು ರೊಟ್ಟಿ ಆಗಲು ಐದು ನಿಮಿಷ ಹಿಡಿಯಿತು. ಹಂಚಿನ ಮೇಲೆ ಅರ್ಧ ಉಬ್ಬಿತು, ಎಳ್ಳು ಚಟಪಟ ಅಂದಿತು. ಬೆಣ್ಣೆ ಹಚ್ಚಿ ಅತ್ತೆಯ ತಟ್ಟೆಗೆ ಹಾಕಿದೆ. ಯಾರು ಮಾಡಿದ್ದು ಅಂತ ಹೇಳಲಿಲ್ಲ.

ಅತ್ತೆ ಅಂಚಿನ ಸುತ್ತ ಬೆರಳು ಓಡಿಸಿದರು. ಒಂದು ಕಡೆ ನಿಂತಿತು ಬೆರಳು. "ಇಲ್ಲಿ ದಪ್ಪ ಐತಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈ ಹುಡುಕಿ ಹಿಡಿದುಕೊಂಡು, ಹೊಲಿಗೆಯ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ತಟ್ಟೆ ಈ ಕಡೆ ಸರಿಸಲಿಲ್ಲ. ಮುರಿದು ತಿಂದರು.

"ಇನ್ನೊಂದು ಬಡಿ" ಅಂದರು.